ದಪ್ಪ ಚರ್ಮದ ಪಾಠ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸಿ. ಮೂರು ತಾಲ್ಲೂಕಿನಲ್ಲಿ ಇಂಥ ಮೀಸೆ ಇನ್ನೊಂದಿಲ್ಲ, ಅದೂ ನಿಜ.

ಒಂದು ಕೊಟ್ಟಿಗೆಯಲ್ಲಿ ತುಂಬೆ ಎಂಬ ಬಿಳಿ ಹಸುಗರು, ಅದರ ಪಕ್ಕದಲ್ಲೇ ನೇರಳೆ ಎಂಬ ಎಮ್ಮೆಗರು. ಒಂದು ಬೆಳಿಗ್ಗೆ ನೇರಳೆಯ ಬೆನ್ನಿನ ಹುಣ್ಣನ್ನು ಕಾಗೆ ಕುಕ್ಕತೊಡಗಿತು. ನೇರಳೆ ಅರಚಿದ್ದೇ ತಡ, ತುಂಬೆ ತಾಯಿಯತ್ತ ತಿರುಗಿ ಕೂಗಿತು:

“ಅಮ್ಮಾ, ಕಾಗೆ ಓಡಿಸು! ಅವಳಿಗೆ ನೋಯ್ತಿದೆ!”

ತಾಯಿ ಹಸು ಮೆಲುಕು ನಿಲ್ಲಿಸದೆ ಹೇಳಿತು: “ಪೆದ್ದೀ, ಅದು ಎಮ್ಮೆ ಚರ್ಮ ಕಣೇ. ನೋಯೋದೆಲ್ಲ ನಮ್ಮಂಥ ಬಿಳಿ ಮೈಗೆ.”

“ಮತ್ತೆ ಅರಚೋದ್ಯಾಕೆ?”

“ಅದು ಅವರ ಮನೆತನದ ಸಂಗೀತ.”

ಅಜ್ಜಿ ಹಸುವೂ ಹೂಂಗುಟ್ಟಿತು. ಹಿರಿಯರಿಬ್ಬರು ಒಪ್ಪಿದ ಮೇಲೆ ಅದು ಶಾಸ್ತ್ರವೇ ತಾನೆ? ತುಂಬೆ ಮಹಾ ಜಾಣೆ. ಮಳೆಗಾಲ ಮುಗಿಯುವಷ್ಟರಲ್ಲಿ ಪಾಠ ಪೂರ್ತಿ ಒಪ್ಪಿಸತೊಡಗಿತು.

ಹುಣ್ಣು ಅಂಗೈಯಗಲ ಆದ ದಿನ ನೇರಳೆ ಬೇಡಿಕೊಂಡಿತು: “ತುಂಬೇ, ನಿನ್ನ ಬಾಲ ಇಲ್ಲಿಗೆ ಎಟುಕುತ್ತೆ. ಒಂದ್ಸಲ ಬೀಸೇ, ಕಾಗೆ ಹಾರಿಹೋಗಲಿ.”

ತುಂಬೆ ಬಹಳ ಮರುಕದಿಂದ ಹೇಳಿತು: “ನಿನಗೆ ನೋಯ್ತಿಲ್ಲ ಕಣೇ. ನೋಯ್ತಿದೆ ಅಂತ ಸುಮ್ಮನೆ ಅನ್ನಿಸ್ತಿದೆ, ಅಷ್ಟೇ.”

“ನನ್ನ ಮಗಳಿಗೆ ಬುದ್ಧಿ ಬಂತು!” ಎಂದು ತಾಯಿ ಅದರ ಕತ್ತು ನೆಕ್ಕಿತು. ಅಲ್ಲಿ ಬೆಳಿಗ್ಗೆ ಒಂದು ಸೊಳ್ಳೆ ಕಚ್ಚಿತ್ತು, ಪಾಪ.

ಆಗ ಕಾಗೆಯೇ ತಲೆಯೆತ್ತಿತು: “ಕುಕ್ಕುವವನು ನಾನು, ನನ್ನನ್ನು ಕೇಳಬಾರದೆ? ಬಿಳಿ ಮೈಯನ್ನೂ ಕುಕ್ಕಿದ್ದೇನೆ, ಕರಿ ಮೈಯನ್ನೂ ಕುಕ್ಕಿದ್ದೇನೆ. ಎರಡೂ ಒಂದೇ ಥರ ಮೆತ್ತಗಿವೆ.”

ಎಲ್ಲ ನಿಜ, ಈ ಕಾಗೆಯ ಮಾತೊಂದು ಮಾತ್ರ ನಾನು ಸೇರಿಸಿದ್ದು. ಅಷ್ಟು ನ್ಯಾಯ ಹೇಳುವವರು ಆ ಕೊಟ್ಟಿಗೆಯಲ್ಲಿ ಯಾರೂ ಇರಲಿಲ್ಲ.