ಮೊದಲು ಬಂದ ಗಾಡಿ ಸೋತದ್ದು

"ಕೇಳಿರಪ್ಪೋ ಕೇಳಿ! ದೊರೆ ಹಂಪಣ್ಣ ನಾಯಕರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಅರಮನೆಯ ಓಟದ ಗಾಡಿ, ಯುವರಾಜರ ಬಿಳಿ ಕುದುರೆ. ತಪ್ಪಿದವನಿಗೆ ಸಂಜೆಯೊಳಗೆ ತಲೆದಂಡ. ಹೊಸ್ತಿಲು ದಾಟಿದವನು ಉತ್ತರ ಹೇಳದೆ ಹಿಂದಿರುಗುವಂತಿಲ್ಲ!"

ಗೊರಸಿನಕೋಟೆಯಲ್ಲಿ ಹೀಗೆ ಡಂಗುರ ಹೊಡೆದಾಗ ಜನ ಕಕ್ಕಾಬಿಕ್ಕಿಯಾದರು. ಯುವರಾಜ ಗಾಡಿ ಓಟದಲ್ಲಿ ಸತ್ತು ಇನ್ನೂ ವರ್ಷ ತುಂಬಿಲ್ಲ, ದೊರೆಗೆ ಇದೆಂಥ ಹುಚ್ಚು? ನನ್ನನ್ನು ಕೇಳಬೇಡಿ, ಮಂತ್ರಿಗೇ ತಿಳಿದಿರಲಿಲ್ಲ.

ಓಬಳ ಎಂಬುವನು ಜಟಕಾ ಹೊಡೆಯುತ್ತಿದ್ದ; ಬಿಡುವಾದಾಗ ಹಳ್ಳಿಯ ಓಟಗಳಲ್ಲೂ ಗಾಡಿ ಓಡಿಸುತ್ತಿದ್ದ. ಆ ದಿನ ಒಬ್ಬ ಪಂಡಿತರನ್ನೂ ಒಬ್ಬ ದಳವಾಯಿಯನ್ನೂ ಅರಮನೆಗೆ ತಂದಿಳಿಸಿದ. ಪಂಡಿತರು ಗಾಡಿಯಲ್ಲೇ ಪೇಟ ಮರೆತರು. ಪಾಪ, ಕೊಟ್ಟುಬರೋಣವೆಂದು ಓಬಳ ಒಳಗೆ ಕಾಲಿಟ್ಟ. ಕಾವಲುಗಾರರು ಬಾಗಿಲು ಹಾಕಿಬಿಟ್ಟರು.

ದೊರೆ ಮೊದಲನೆಯದನ್ನು ಕೇಳಿದರು: "ಊರೆಲ್ಲ ಅವನು ಹೋಗುವ ದಾರಿ ನೋಡುತ್ತದೆ, ಅವನಿಗೆ ಮಾತ್ರ ದಾರಿ ಕಾಣದು. ಕುರುಡನಲ್ಲ. ಯಾರವನು?"

"ಸೂರ್ಯ!" ಎಂದರು ಪಂಡಿತರು. ಅವರನ್ನು ಎಳೆದುಕೊಂಡು ಹೋದರು.

"ನೀನು ಹೇಳು," ಎಂದರು ದೊರೆ ಓಬಳನತ್ತ ತಿರುಗಿ.

"ಅಯ್ಯೋ ಬುದ್ಧಿ, ನಾನು ಪೇಟ ಕೊಡೋಕೆ ಬಂದೋನು!"

"ಹೊಸ್ತಿಲು ದಾಟಿದೆಯಲ್ಲ?"

ಓಬಳ ಪೇಟವನ್ನು ಎದೆಗವಚಿಕೊಂಡ. "ದಾರಿ ನನಗೂ ಕಾಣಲ್ಲ, ಬುದ್ಧಿ. ಓಟದ ಗಾಡೀಲಿ ಕೂತರೆ ಕುದುರೆ ಬಾಲ ಒಂದೇ ಕಣ್ಣಮುಂದೆ."

"ಗಾಡಿ ಹೊಡೆಯುವವನು. ಸರಿ."

"ನಾನೂ ಅದನ್ನೇ ಹೇಳುವವನಿದ್ದೆ," ಎಂದು ದಳವಾಯಿ ಮೀಸೆ ತಿರುವಿದ.

"ಹಾಗಾದರೆ ಇದನ್ನು ಹೇಳು. ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದವನು ಸೋತ, ಹಿಂದೆ ಬಂದವನು ಗೆದ್ದ. ಹೇಗೆ?"

"ಗೆದ್ದವನು ಲಂಚ ಕೊಟ್ಟಿದ್ದ!" ಎಂದ ದಳವಾಯಿ. ಅವನನ್ನೂ ಎಳೆದೊಯ್ದರು.

ಓಬಳನಿಗೆ ಇದು ಒಗಟೆಂದೇ ಅರ್ಥವಾಗಲಿಲ್ಲ. "ಗಾಡಿ ಓಟ ಇರೋದೇ ಹಂಗಲ್ವಾ ಬುದ್ಧಿ? ಕುದುರೆ ತಾಳ ತಪ್ಪದ ಹಾಗೆ ಕುಕ್ಕುಲೋಟದಲ್ಲೇ ಹೋಗಬೇಕು. ನೆಗೆದು ನಾಗಾಲೋಟಕ್ಕೆ ಬಿತ್ತೋ, ಮೊದಲು ಬಂದರೂ ಸೋತ ಹಾಗೇ ಲೆಕ್ಕ."

ದೊರೆ ಮುಂದಕ್ಕೆ ಬಾಗಿದರು. "ಮೂರನೆಯದು. ಹಾಗೆ ಮೊದಲು ಬಂದವನು ಗಾಡಿ ಮಗುಚಿ ಸತ್ತ. ಕೊಂದವರು ಯಾರು?"

ಕುದುರೆ ಎನ್ನಲೇ? ಸತ್ತವನದೇ ತಪ್ಪು ಎನ್ನಲೇ? ಕೊನೆಗೆ ಓಬಳ ತನಗೆ ಗೊತ್ತಿದ್ದದ್ದನ್ನೇ ಹೇಳಿದ.

"ನಾನೂ ಒಂದ್ಸಲ ಗಾಡಿ ಮಗುಚಿದೋನೇ, ಬುದ್ಧಿ. ಲಗಾಮು ಬಿಗಿಯಾಗೇ ಹಿಡಿದಿದ್ದೆ. ಪಕ್ಕದಲ್ಲಿ ನಿಂತು ನಮ್ಮಪ್ಪ 'ಬಿಡೋ, ಇನ್ನೂ ಜೋರಾಗಿ ಬಿಡು!' ಅಂತ ಕೂಗಿದ. ಅಪ್ಪನ ಮಾತು ಮೀರೋದು ಹೆಂಗೆ? ಬಿಟ್ಟೆ. ಹೆಂಗೋ ಉಳಕೊಂಡೆ. ಹೊಡೆಯೋನಿಗೆ ಬಾಲ ಬಿಟ್ಟರೆ ಏನೂ ಕಾಣಲ್ಲ. ತನ್ನೋರ ದನಿ ಮಾತ್ರ ಕೇಳ್ತದೆ. ಹಂಗೆ ಕೂಗಿದೋರೇ ಕೊಂದೋರು."

ಮಂತ್ರಿಯ ಮುಖ ಬಿಳಿಚಿತು. ಯುವರಾಜ ಸತ್ತ ಓಟದಲ್ಲಿ ಹಾಗೆ ಕೂಗಿದವರು ಯಾರೆಂದು ಓಬಳನೊಬ್ಬನನ್ನು ಬಿಟ್ಟು ಇಡೀ ಸಭೆಗೆ ಗೊತ್ತಿತ್ತು.

ದೊರೆ ಸಿಂಹಾಸನ ಇಳಿದು ಬಂದರು. ಮುಗಿಯಿತು ಕತೆ ಎಂದು ಓಬಳ ಕಣ್ಣು ಮುಚ್ಚಿದ. ದೊರೆ ಅವನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು.

"ನಾನೇ ಕಣಪ್ಪ ಕೂಗಿದ್ದು. ನನ್ನೆದುರು ನಿಂತು ಇದನ್ನು ಹೇಳುವವರು ಒಬ್ಬರೂ ಇರಲಿಲ್ಲ."

ಪಂಡಿತರಿಗೂ ದಳವಾಯಿಗೂ ಆಗಲೇ ಬಿಡುಗಡೆಯಾಯಿತು. ಗಾಡಿ, ಕುದುರೆ ಎರಡೂ ಓಬಳನ ಪಾಲಾದವು. ಮುಂದೆ ಇಪ್ಪತ್ತೆರಡು ವರ್ಷ ಅವನು ಓಟಗಳಲ್ಲಿ ಗಾಡಿ ಓಡಿಸಿದ. ಏಳು ಸೀಮೆಗಳಲ್ಲಿ ಅವನನ್ನು ಮೀರಿಸಿದವರಿಲ್ಲ. ಕುದುರೆ ನೆಗೆಯಿತೆಂದರೆ ಮಾತ್ರ, ಗೆಲುವು ಕೈಯಳತೆಯಲ್ಲಿದ್ದರೂ, ಲಗಾಮು ಜಗ್ಗಿ ಹಿಂದೆ ಬೀಳುತ್ತಿದ್ದ.

ಜನ ಕಿರುಚಿ ಗಂಟಲು ಹರಿದುಕೊಳ್ಳುತ್ತಿದ್ದರು. ದೊರೆ ಬಾಯಿಗೆ ಉತ್ತರೀಯ ಒತ್ತಿಕೊಂಡು ನಿಲ್ಲುತ್ತಿದ್ದರು. ಗೆಲ್ಲಲಿ, ಸೋಲಲಿ, ಓಬಳ ಗಾಡಿಯಿಂದ ಇಳಿದ ಮೇಲಷ್ಟೇ ಬಾಯಿ ಬಿಟ್ಟು ಕೇಳುತ್ತಿದ್ದರು: "ಬಂದೆಯಾ, ಮಗನೆ?"