ಬಂಡೆಯಜ್ಜ ಮಣ್ಣಾದದ್ದು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಆಗ ನೆಲವೆಲ್ಲ ಬರೀ ಬಂಡೆ. ಎಲ್ಲಿ ಹುಡುಕಿದರೂ ಒಂದು ಹಿಡಿ ಮಣ್ಣು ಸಿಗುತ್ತಿರಲಿಲ್ಲ. ಆಗಿನ ಮನುಷ್ಯರು ಯುಗಯುಗ ಬಾಳುತ್ತಿದ್ದರು.

ಅಂಥ ಒಂದು ಬಂಡೆಯ ಮೇಲೆ ದಾನವ್ವ ತನ್ನ ಮೊಮ್ಮಗಳು ಚೌಡಿಯನ್ನು ಕಟ್ಟಿಕೊಂಡು ಬಾಳುತ್ತಿದ್ದಳು. ಅವಳ ಸೆರಗಿನ ಗಂಟಿನಲ್ಲಿ ಒಂದು ಹಿಡಿ ರಾಗಿಯಿತ್ತು. ಬಿತ್ತಿದರೆ ಗಾಳಿ ಹೊತ್ತೊಯ್ಯುತ್ತದೆ, ತಿಂದರೆ ಮುಗಿದೇ ಹೋಗುತ್ತದೆ. ಅವರ ಹೊಟ್ಟೆಗೆ ಆಧಾರವಾಗಿದ್ದ ಹೊಳೆಯ ಮೀನೂ ಕಡಿಮೆಯಾಗುತ್ತ ಬಂದಿತ್ತು.

ದಾನವ್ವನದು ಒಪ್ಪ ಓರಣದ ಕೈ. ಬೆಳಗಾದರೆ ಹೊಸ್ತಿಲು ತೊಳೆದಂತೆ ಬಂಡೆಯನ್ನು ತೊಳೆಯುವಳು. ಅದರ ಮೈಮೇಲೆ ಬೂದುಬಣ್ಣದ ಕಲ್ಲುಹೂವು ಹಬ್ಬಿದರೆ, ಕೊಳೆಯೆಂದು ಕೆರೆದು ಹಾಕುವಳು. ಮತ್ತೆ ಹಬ್ಬಿದರೆ ಮತ್ತೆ ಕೆರೆಯುವಳು. ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಹಟದಲ್ಲಂತೂ ಇಲ್ಲವೇ ಇಲ್ಲ.

ಒಂದು ದಿನ ಕಲ್ಲುಹೂವು ಬಾಯಿಬಿಟ್ಟಿತು. "ನಾನು ಕೊಳೆಯಲ್ಲ ಕಣವ್ವ. ನನ್ನ ಮೈಯಲ್ಲಿ ಹುಳಿಯಿದೆ. ಮಳೆಯಕ್ಕನೂ ಗಾಳಿಯಿಂದ ಚೂರು ಹುಳಿ ತರ್ತಾಳೆ. ನಾವಿಬ್ಬರೂ ಸೇರಿ ಈ ಬಂಡೆಯನ್ನ ಮಣ್ಣು ಮಾಡ್ತಿದ್ವಿ. ನೀನು ದಿನಾ ಕೆರೆದು ಹಾಕಿದೆ."

ದಾನವ್ವನ ಕೈ ನಿಂತಿತು. ಮಣ್ಣು ಬರುವ ದಾರಿಯನ್ನು ತಾನೇ ಮುಚ್ಚಿದ್ದಳು.

ಅವಳು ಬಂಡೆಗೆ ಕೈಮುಗಿದಳು. "ಅಜ್ಜಾ, ನೀನು ಕರಗಿಹೋಗ್ತೀಯಲ್ಲ. ನೋವಾಗಲ್ವಾ?"

"ಆಗ್ತದೆ ಮಗಳೇ," ಎಂದಿತು ಬಂಡೆ. "ಆದರೆ ನಾನು ಗಟ್ಟಿಯಾಗಿದ್ದು ಯಾರ ಹೊಟ್ಟೆ ತುಂಬಿತು? ಇದು ನಿಧಾನದ ಕೆಲಸ. ರಾಗಿ ಬೆಳೆಯೋದನ್ನ ನೀನು ನೋಡೋದಿಲ್ಲ. ಆದ್ರೂ ಕಾಯ್ತೀಯಾ?"

"ನಾನು ನೋಡದಿದ್ರೆ ಬೇಡ. ಈ ಚೌಡಿ ಉಣ್ಣಲಿ."

ಅಂದಿನಿಂದ ಅವಳು ಕೆರೆಯಲಿಲ್ಲ. ಹಸಿವಾದರೂ ಗಂಟು ಬಿಚ್ಚಲಿಲ್ಲ. ಕಲ್ಲುಹೂವು ಹಬ್ಬಿತು, ಮಳೆ ಬಂತು. ಮಳೆ ಹೋಯಿತು, ಮತ್ತೆ ಬಂತು. ಬಂಡೆಯೊಳಗಿನ ಕೆಂಪು ಹರಳು ಹುಳಿಗೆ ಸೋತು ಮೆತ್ತನೆಯ ಜೇಡಿಮಣ್ಣಾಯಿತು. ಮಿರಮಿರ ಮಿಂಚುವ ಕಾಗೆಬಂಗಾರ ಪದರ ಪದರವಾಗಿ ಬಿಚ್ಚಿಕೊಂಡಿತು. ಬಿಳಿಯ ಬೆಣಚುಕಲ್ಲು ಮಾತ್ರ ಹುಳಿಗೆ ಜಗ್ಗದೆ ಮರಳಾಗಿ ಉದುರಿತು.

ದಾನವ್ವ ಕಣ್ಣುಮುಚ್ಚಿದಾಗ ಬಂಡೆಯ ಬುಡದಲ್ಲಿ ಬೊಗಸೆಯಷ್ಟು ಮಣ್ಣಿತ್ತು. ಚೌಡಿ ಅಜ್ಜಿಯ ಸೆರಗಿನ ಗಂಟು ಬಿಚ್ಚಿ, ಅಳುತ್ತಲೇ ರಾಗಿ ಬಿತ್ತಿದಳು. ಮೊಳಕೆ ಬಂದ ದಿನ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಬಂಡೆಗೇ ಹೇಳಿದಳು.

ಅದಕ್ಕೇ ಮಗು, ಇವತ್ತಿಗೂ ಬಂಡೆಯ ಮೈಮೇಲೆ ಬೂದು ಕಲೆಗಳಿವೆ, ಅದರ ಬುಡದಲ್ಲಿ ಜೇಡಿಯೂ ಮರಳೂ ಕಲೆತ ಮಣ್ಣಿದೆ, ಮತ್ತು ನೀನು ಉಣ್ಣುವ ಪ್ರತಿ ತುತ್ತಿನಲ್ಲೂ ಬಂಡೆಯಜ್ಜನ ಮೈ ಒಂದಿಷ್ಟು ಇದೆ.