ಏಳು ಮನೆಯ ಬೀಜ

ಹೊಳೆದಂಡೆಯ ಮಠದಲ್ಲಿ ಇದ್ದದ್ದು ಒಬ್ಬ ಗುರು, ಒಬ್ಬ ಶಿಷ್ಯ. ಗುರುವನ್ನು ಎಲ್ಲರೂ ಅಜ್ಜನವರು ಎನ್ನುತ್ತಿದ್ದರು. ಶಿಷ್ಯನ ಹೆಸರು ನಿಂಗಯ್ಯ.

ಮಠದ ಹಿಂದಿನ ಕಲ್ಲುಕೋಣೆ ಸುಡುಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಸುತ್ತಲ ಏಳು ಮನೆಯವರು ಬಿತ್ತನೆಯ ಆಲೂಗಡ್ಡೆಯನ್ನು ಅಲ್ಲೇ ತಂದಿಡುತ್ತಿದ್ದರು, ಮನೆಗೊಂದು ಉಡಿ. ಅದನ್ನು ಮರಳಿನ ಮೇಲೆ ಹರವಿ, ವಾರಕ್ಕೊಮ್ಮೆ ಒಂದೊಂದನ್ನೇ ಹೊರಳಿಸಿ, ಮೂಸಿ, ಕೊಳೆತದ್ದನ್ನು ಆಯ್ದು ಎಸೆಯುವುದು ನಿಂಗಯ್ಯನ ಕೆಲಸ.

ಆ ವರ್ಷ ಅಜ್ಜನವರು ಜ್ವರದಿಂದ ಮೂರು ತಿಂಗಳು ಹಾಸಿಗೆ ಹಿಡಿದರು. ಎದ್ದು ಕೂತದ್ದು ಮೊದಲ ಮಳೆ ಬಿದ್ದ ಮೇಲೆ. ಹಿತ್ತಲಲ್ಲಿ ಆಗಲೇ ಸಾಲು ಹೊಡೆದಾಗಿತ್ತು.

"ಬೀಜ ಹೊರಗ ತಗಿಯಪ್ಪಾ," ಎಂದರು. "ಮನಿಯವರೆಲ್ಲಾ ಇವತ್ತ ಬರ್ತಾರ."

ನಿಂಗಯ್ಯ ಬಾಯಿಗೆ ಬಂದ ಸುಳ್ಳು ಹೇಳಿದ.

"ಎಲ್ಲಾ ಕೊಳತು ಹೋದುವ್ರಿ, ಅಜ್ಜಾರ."

ಅಜ್ಜನವರು ಗೋಡೆ ಹಿಡಿದು ಕಲ್ಲುಕೋಣೆಗೆ ಹೋದರು. ಬಗ್ಗಿ ಒಂದು ಹಿಡಿ ಮರಳು ತೆಗೆದು ಮೂಸಿದರು.

"ಕೊಳತಿದ್ರ ನಾರಬೇಕಲ್ಲೋ. ಈ ಕೋಣಿ ನಾರೂದಿಲ್ಲ."

ಮರಳನ್ನು ಕೆಳಗೆ ಸುರಿದು ನಿಂಗಯ್ಯನತ್ತ ತಿರುಗಿದರು.

"ನನಗ ದಿನಾ ಏನ ಬೇಯಿಸಿ ಹಾಕಿದಿ?"

"ಆಲೂಗಡ್ಡಿರಿ."

"ಭಿಕ್ಷಾ ಅಂದಿದ್ದಿ."

"ಭಿಕ್ಷಾ ಎಲ್ಲಿ ಹುಟ್ಟತಿತ್ರಿ? ಎಲ್ಲಾರ ಮನ್ಯಾಗೂ ಗಡಿಗಿ ಖಾಲಿ."

"ನೀ ಏನ ಉಂಡಿ?"

"ಹೊಳಿದಂಡಿ ಸೊಪ್ಪು."

ಅಜ್ಜನವರು ಅವನ ಬತ್ತಿದ ಕೆನ್ನೆ ನೋಡಿದರು. ಬೈಯುತ್ತಾರೆಂದು ನಿಂಗಯ್ಯ ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಖಾಲಿ ಗಡಿಗಿ ಮುಂದ ಇಟಗೊಂಡೂ ಅವರು ಈ ಬೀಜ ಮುಟ್ಟಲಿಲ್ಲ," ಎಂದರು ಅಜ್ಜನವರು.

ನಿಂಗಯ್ಯ ಅಳುತ್ತ ಕಾಲು ಹಿಡಿದ. "ನೀವು ಹೋಗಿಬಿಟ್ರ ನನಗ ಯಾರದಾರ್ರಿ?"

ಅಜ್ಜನವರು ಮೆಲ್ಲಗೆ ಕಾಲು ಬಿಡಿಸಿಕೊಂಡು ಹಿತ್ತಲಿಗೆ ನಡೆದರು. ಹೊಡೆದ ಸಾಲೊಂದರಲ್ಲಿ ಉದ್ದಕ್ಕೆ ಮಲಗಿದರು. ಹಸಿಮಣ್ಣು ಅವರ ಬೆನ್ನಿಗೆ, ಬಿಳಿ ಕೂದಲಿಗೆ ಮೆತ್ತಿಕೊಂಡಿತು.

"ಮಣ್ಣು ಎಳಿ," ಎಂದರು.

"ಅಜ್ಜಾರ!"

"ಏಳು ಮನಿ ಬೀಜ ನನ್ನ ಹೊಟ್ಟ್ಯಾಗ ಐತಿ. ಬಿತ್ತು. ಮೊಳಕಿ ಬರ್ತೈತೇನ ನೋಡೋಣು."

ನಿಂಗಯ್ಯ ಗುದ್ದಲಿಯನ್ನು ಮುಟ್ಟಲೂ ಇಲ್ಲ. ಸಾಲಿನ ಪಕ್ಕದಲ್ಲೇ ಕುಸಿದು ಕೂತ.

ಅಷ್ಟರಲ್ಲಿ ಮಠದ ಕದ ಬಡಿದ ಸದ್ದಾಯಿತು. ಹೆಂಗಸರ ಮಾತು ಕೇಳಿಸಿತು. ಯಾವುದೋ ಕೂಸು ಹಸಿದು ಅಳುತ್ತಿತ್ತು.

"ನನ್ನ ಕೈಲೆ ಆಗೂದಿಲ್ರಿ," ಎಂದ ನಿಂಗಯ್ಯ.

ಅಜ್ಜನವರು ಆಕಾಶ ನೋಡುತ್ತಲೇ ಹೇಳಿದರು:

"ಹಂಗಾರ ಹೋಗಿ ಕದಾ ತಗಿ. ಬುಟ್ಟಿ ಹಿಡಕೊಂಡು ನಿಂತಾರ. ಅಜ್ಜ ಬದುಕ್ಯಾನ ಅಂತ ಹೇಳು."